ದುಭಾಷಿ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಹೇಳಿದ್ದು ಅವರ ತಮ್ಮನ ಮಗಳು. ಫೋನ್ ಬಂದಾಗ ನಾನು ಪೆನ್ಶನ್ ಕೆಲಸಕ್ಕೆ ಬ್ಯಾಂಕಿನಲ್ಲಿ ಸಾಲಿಗೆ ನಿಂತಿದ್ದೆ. "ಅತ್ತೆಗೆ ನಿದ್ದೆಯಲ್ಲೇ ಆಯ್ತು ಅಂಕಲ್" ಎಂದಳು. ಸಾಲು ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಳು ಬರಲಿಲ್ಲ. ಈ ವಯಸ್ಸಿನಲ್ಲಿ ಸಾವಿನ ಸುದ್ದಿ ಬಂದರೆ ಮೊದಲು ಬರುವುದು ಆಯಾಸ. ಅಳು ಆಮೇಲೆ, ಬಂದರೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಳಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ದಿಲ್ಲಿಯ ಆರ್.ಕೆ.ಪುರಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾವಿಬ್ಬರೂ ಬಹಳ ವರ್ಷ ಕೆಲಸ ಮಾಡಿದೆವು. ನಾನು ಗುಮಾಸ್ತ, ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಹಿಂದಿ ಅನುವಾದಕಿ. ಇಂಗ್ಲಿಷಿನಲ್ಲಿ ಬಂದ ಸುತ್ತೋಲೆಗಳನ್ನೆಲ್ಲ ಹಿಂದಿಗೆ ಮಾಡಿಕೊಡುವುದು ಅವರ ಉದ್ಯೋಗ. ತಿಪಟೂರಿನಲ್ಲಿ ಹುಟ್ಟಿ, ಅಲ್ಲೇ ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿದವರು ದಿಲ್ಲಿಗೆ ಬಂದು ದಿಲ್ಲಿಯವರಿಗೇ ಹಿಂದಿ ಬರೆದುಕೊಡುತ್ತಿದ್ದರು. ಅದರಲ್ಲಿ ಹೆಮ್ಮೆ ಇತ್ತೆಂದು ನನಗೆ ಅನಿಸಿಲ್ಲ. "ನಾನು ಬರೆಯೋ ಹಿಂದೀನ ಈ ಊರಲ್ಲಿ ಯಾರೂ ಓದಲ್ಲ. ಓದಿದ್ರೂ ಅರ್ಥ ಆಗಲ್ಲ" ಎನ್ನುತ್ತಿದ್ದರು. ಅವರ ಬಾಯಲ್ಲೂ ಅದೇ ಹಿಂದಿ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗ "ಭಯ್ಯಾ, ಮೂಲ್ಯ ಮೇಂ ಕುಛ್ ಸಂಶೋಧನ್ ಕೀಜಿಯೇ" ಎಂದು ಬೆಲೆಗೆ ತಿದ್ದುಪಡಿ ಕೇಳಿದರೆ ಅವನು ತಕ್ಕಡಿ ಕೆಳಗಿಟ್ಟು ಕೈ ಮುಗಿಯುತ್ತಿದ್ದ. ಕೊತ್ತಂಬರಿ ಪುಕ್ಕಟೆ ಬೀಳುತ್ತಿತ್ತು.

ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ತಾಯಿ ಜೊತೆಗಿದ್ದರು, ಆಮೇಲೆ ಒಬ್ಬರೇ. ನೆಲಮಹಡಿಯ ಕ್ವಾರ್ಟರ್ಸು, ಮುಂದೆ ಅಂಗೈಯಗಲ ಹುಲ್ಲು, ಒಂದು ಬೇವಿನ ಮರ. ಯಾರಾದರೂ ಮಾತಾಡುವಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ. ಹೊಸಬರಿಗೆ ನಿದ್ದೆ ಹೋದರೇನೋ ಅನಿಸಬೇಕು, ಹಾಗೆ.

ನಮ್ಮ ಕಡೆಯಿಂದ ಚಿಕಿತ್ಸೆಗೆಂದು ದಿಲ್ಲಿಯ ದೊಡ್ಡ ಆಸ್ಪತ್ರೆಗಳಿಗೆ ಬರುವ ಜನಕ್ಕೆ ಹಿಂದಿ ಬರುವುದಿಲ್ಲ, ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕುಂದಾಪುರದ ಕಡೆಯ ನರ್ಸ್ ಒಬ್ಬರಿದ್ದರು. ಅವರಿಗೆ ಅಕ್ಕನ ಪರಿಚಯವಾದದ್ದೇ ನೆಪ. ವಾರಕ್ಕೊಮ್ಮೆಯಾದರೂ ಕಚೇರಿಗೆ ಫೋನ್ ಬರುತ್ತಿತ್ತು. ಅಕ್ಕ ನನ್ನ ಟೇಬಲ್ಲಿನ ಮುಂದೆ ಬಂದು ನಿಂತು "ಸ್ಕೂಟರಿನಲ್ಲಿ ಪೆಟ್ರೋಲ್ ಇದೆಯಾ?" ಅನ್ನುತ್ತಿದ್ದರು. ಅಷ್ಟೇ ಕೋರಿಕೆ. ಹೀಗಾಗಿ ಅವರು ಮಾತಾಡುವ ಕಡೆಯೆಲ್ಲ ನಾನೂ ಹಿಂದೆ ಹೆಲ್ಮೆಟ್ ಹಿಡಿದುಕೊಂಡು ನಿಂತಿರುತ್ತಿದ್ದೆ.

ಅವರ ನಿಯಮ ಒಂದೇ. ಕೂಡಿಸಬಾರದು, ಕಳೆಯಬಾರದು. ಡಾಕ್ಟರು "ಕಷ್ಟ" ಅಂದರೆ ಇವರೂ "ಕಷ್ಟ". "ದೇವರಿದ್ದಾನೆ" ಅಂತ ಸೇರಿಸುತ್ತಿರಲಿಲ್ಲ. ನಾನೊಮ್ಮೆ, ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲ ಅಂದೆ. "ಮೆತ್ತಗೆ ಹೇಳಿದ್ರೆ ಅವರು ಎರಡು ಸಲ ಕೇಳಬೇಕಾಗುತ್ತೆ. ಕೆಟ್ಟ ಸುದ್ದೀನ ಎರಡು ಸಲ ಕೇಳಿಸೋದು ಪಾಪ" ಎಂದರು. ಆದರೆ ಯಾವತ್ತೂ ನಿಂತು ಹೇಳಿದವರಲ್ಲ. ಕುರ್ಚಿ ಇಲ್ಲದಿದ್ದರೆ ಆಸ್ಪತ್ರೆಯ ನೆಲದ ಮೇಲೆ ಕೂತು, ಅವರನ್ನೂ ಕೂರಿಸಿ ಹೇಳುತ್ತಿದ್ದರು.

ಒಂದು ವರ್ಷ ಜೂನ್ ತಿಂಗಳಲ್ಲಿ ಬಂದ ಫೋನು ಹಾವೇರಿ ಕಡೆಯ ಒಬ್ಬ ಹುಡುಗಿಯ ವಿಷಯ. ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಮಾಡಿಕೊಂಡು ಐಎಎಸ್ ಕೋಚಿಂಗಿಗೆ ಹೋಗುತ್ತಿದ್ದವಳು. ಕೂಲರಿಗೆ ನೀರು ತುಂಬುವಾಗ ಕರೆಂಟ್ ಹೊಡೆದಿತ್ತು. ದಿಲ್ಲಿಯ ಬೇಸಿಗೆಯಲ್ಲಿ ಪ್ರತಿವರ್ಷ ಯಾರಿಗೋ ಹೀಗಾಗುತ್ತದೆ. ನಿಂತುಹೋಗಿದ್ದ ಎದೆಬಡಿತ ಆಸ್ಪತ್ರೆಯಲ್ಲಿ ಮತ್ತೆ ಶುರುವಾಯಿತು. ಆದರೆ ಅಷ್ಟರೊಳಗೆ ಮೆದುಳಿಗೆ ರಕ್ತ ಹೋಗದೆ ಬಹಳ ಹೊತ್ತಾಗಿತ್ತು. ಕತ್ತಿನಲ್ಲಿ ತೂತು ಮಾಡಿ, ನಳಿಗೆ ಇಟ್ಟು, ಉಸಿರಾಟದ ಮಷಿನ್ ಹಚ್ಚಿದ್ದರು.

ಹುಡುಗಿಯ ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದವರು. ಇಬ್ಬರೂ ಆಸ್ಪತ್ರೆ ಹತ್ತಿರದ ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದರು. ಒಳಗೆ ಬಿಡುವ ಸಮಯದಲ್ಲಿ ತಾಯಿ ಮಗಳ ಕಾಲ ಹತ್ತಿರ ನಿಲ್ಲುತ್ತಿದ್ದರು, ಅಪ್ಪ ಮಷಿನ್ ಹತ್ತಿರ. ಅದರ ಸದ್ದು ಕೇಳಿ ಕೇಳಿ ಅವರಿಗೆ ಅದು ಗುರುತಾಗಿಬಿಟ್ಟಿತ್ತು. "ಛಲೋ ಮಷಿನ್ ಐತ್ರಿ, ಒಂದು ದಿನ ತಪ್ಪಿಲ್ಲ" ಎಂದು ನನಗೆ ಹೇಳಿದರು.

ಕೆಲವು ವಾರಗಳ ನಂತರ ಹುಡುಗಿ ಕಣ್ಣು ಬಿಟ್ಟಳು. ಅಪ್ಪ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅವತ್ತು ಡಾಕ್ಟರ ಮಾತನ್ನು ಕನ್ನಡಕ್ಕೆ ತರಲು ಅಕ್ಕ ಬಹಳ ಹೊತ್ತು ತೆಗೆದುಕೊಂಡರು. "ಕಣ್ಣು ಬಿಟ್ಟಿದ್ದಾಳೆ, ಆದರೆ ನೋಡ್ತಿಲ್ಲ. ಹಗಲು ಕಣ್ಣು ತೆಗೀತಾಳೆ, ರಾತ್ರಿ ಮುಚ್ಚುತಾಳೆ. ಅದು ದೇಹ ತಾನಾಗೇ ಮಾಡೋದು. ಅವಳಿಗೆ ಯಾವುದೂ ಗೊತ್ತಾಗ್ತಿಲ್ಲ ಅಂತಾರೆ. ಮುಂದೂ ಗೊತ್ತಾಗಲ್ಲ ಅಂತಾರೆ."

ತಾಯಿ ತಲೆಯಾಡಿಸಿದರು. ಆಕೆಗೆ ಅದು ಮೊದಲೇ ಗೊತ್ತಿದ್ದಂತಿತ್ತು. ಅಪ್ಪ "ಇದು ಅವರ ಮಾತೇನ್ರಿ, ನಿಮ್ಮ ಮಾತೇನ್ರಿ?" ಎಂದು ಕೇಳಿದರು.

"ಅವರದ್ದು" ಎಂದರು ಅಕ್ಕ.

ಆಗಸ್ಟ್ ಬಂದರೂ ಏನೂ ಬದಲಾಗಲಿಲ್ಲ. ಮಷಿನ್ ತೆಗೆದು ನೋಡಿದ್ದರು, ಹುಡುಗಿಯ ಉಸಿರು ಸೋತಿತ್ತು, ಮತ್ತೆ ಹಚ್ಚಿದ್ದರು. ಒಂದು ಮಧ್ಯಾಹ್ನ ಡಾಕ್ಟರು ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆದರು. ರೋಹತಕ್ ಕಡೆಯ ಯುವಕ, ಕಣ್ಣ ಕೆಳಗೆ ಕಪ್ಪು ಹಿಡಿದಿತ್ತು. ಮೇಜಿನ ಮೇಲಿನ ಚಹಾ ಆರಿ ಕೆನೆಗಟ್ಟಿತ್ತು.

ಅವರು ಹೇಳಿದ್ದಿಷ್ಟು. ಹುಡುಗಿಗೆ ಎಚ್ಚರ ಬರುವುದಿಲ್ಲ. ಹೀಗೇ ಎಷ್ಟು ಕಾಲ ಇರುತ್ತಾಳೋ ಹೇಳಲಾಗುವುದಿಲ್ಲ. ಮಷಿನ್ ತೆಗೆಯಿರಿ ಅಂದರೆ ಆಸ್ಪತ್ರೆ ತೆಗೆಯುವ ಹಾಗಿಲ್ಲ, ಅದಕ್ಕೆ ಕಾನೂನಿನ ಆಸರೆ ಇಲ್ಲ. ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದರೆ ಯಾರೂ ತಡೆಯುವುದಿಲ್ಲ. ಮನೆಯಲ್ಲಿ ಮಷಿನ್ ಇರುವುದಿಲ್ಲ, ಅಷ್ಟೆ. "ಇದು ಕುಟುಂಬದವರು ತೀರ್ಮಾನ ಮಾಡಬೇಕಾದ್ದು" ಎಂದು ಇಂಗ್ಲಿಷಿನಲ್ಲಿ ಮುಗಿಸಿ ಫೈಲು ಮುಚ್ಚಿದರು.

ಅಕ್ಕ ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಹೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು ಡಾಕ್ಟರ ಕಡೆ ತಿರುಗಿದರು. ಅವರು ಹಾಗೆ ತಿರುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಿಮ್ಮ ಸಲಹೆ ಏನು?" ಎಂದು ಹಿಂದಿಯಲ್ಲಿ ಕೇಳಿದರು.

"ಹೇಳಿದೆನಲ್ಲ, ಅದು ಅವರ ತೀರ್ಮಾನ."

"ಅವರು ಬಸ್ ರಿಪೇರಿ ಮಾಡುವವರು. ಮೆದುಳು ಓದಿದವರು ನೀವು. ಕುಟುಂಬ ತೀರ್ಮಾನ ಮಾಡಲಿ ಅನ್ನೋದನ್ನ ನಾನು ಕನ್ನಡದಲ್ಲಿ ಹೇಳಬಲ್ಲೆ. ಅದು ಅವರ ಕಿವಿಗೆ, ಮಗಳನ್ನ ನೀವೇ ಕೊಲ್ಲಿ ಅಂತ ಕೇಳುತ್ತೆ."

ಡಾಕ್ಟರು ಬಾಗಿಲ ಕಡೆ ನೋಡಿದರು. "ಮೇಡಂ, ಇದನ್ನು ನಾನು ಬರೆದುಕೊಡೋಕೆ ಆಗಲ್ಲ."

"ಬರೆಯಬೇಡಿ. ಬಾಯಲ್ಲಿ ಹೇಳಿ. ನನಗೆ ಹೇಳಬೇಡಿ, ಅವರ ಮುಖ ನೋಡಿಕೊಂಡು ಹೇಳಿ. ನಾನು ಹಿಂದೆಯೇ ಹೇಳುತ್ತಾ ಬರುತ್ತೇನೆ."

ಡಾಕ್ಟರು ಮುಚ್ಚಿದ ಫೈಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಬಂದು ಅಪ್ಪ ಅಮ್ಮನ ಎದುರು ಕೂತರು. ಸರಳ ಹಿಂದಿಯಲ್ಲಿ, ನಿಧಾನಕ್ಕೆ ಹೇಳಿದರು. "ನಿಮ್ಮ ಮಗಳನ್ನು ಮಷಿನ್ ಮೇಲೆ ಇಡುವುದು ಬೇಡ ಅಂತ ನಾನು ಹೇಳುತ್ತಿದ್ದೇನೆ. ಇದರಿಂದ ಅವಳಿಗೆ ಏನೂ ಸಿಗುತ್ತಿಲ್ಲ. ಇದು ನನ್ನ ಸಲಹೆ."

ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದರು. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಅಪ್ಪ ಕೇಳಿದರು, "ಅವರಿಗೆ ಹಾಸಿಗಿ ಬೇಕಾಗೈತೇನು, ಕೇಳ್ರಿ."

ಅಕ್ಕ ಅದನ್ನೂ ಕೇಳಿದರು. ಡಾಕ್ಟರು ಸಿಟ್ಟಾಗಲಿಲ್ಲ. "ಬೇಕು. ಮಷಿನ್ ಕಡಿಮೆ, ಹೊರಗೆ ಕಾಯುತ್ತಿರುವವರಿದ್ದಾರೆ. ನಿಮಗೆ ಸುಳ್ಳು ಹೇಳಲ್ಲ. ಆದರೆ ಆಸ್ಪತ್ರೆಯ ಎಲ್ಲ ಹಾಸಿಗೆ ಖಾಲಿ ಇದ್ದರೂ ನಾನು ಇದನ್ನೇ ಹೇಳುತ್ತಿದ್ದೆ."

"ಓಡೋ ಮಷಿನ್ ನಾವ್ ನಿಲ್ಲಸೂದಿಲ್ಲರಿ" ಎಂದರು ಅಪ್ಪ, ನೆಲ ನೋಡುತ್ತಾ. ಅಷ್ಟು ಹೇಳಿ ಎದ್ದು ಹೊರಗೆ ಹೋದರು. ತಾಯಿ ಕೂತೇ ಇದ್ದರು.

ಗಂಡ ಹೆಂಡತಿಯ ನಡುವೆ ಆಮೇಲೆ ಏನು ಮಾತಾಯಿತೋ ನಮಗೆ ಗೊತ್ತಿಲ್ಲ. ವಾರ ಕಳೆದ ಮೇಲೆ ತಾಯಿಯೇ ಅಕ್ಕನಿಗೆ ಹೇಳಿದರು, "ಕರ್ಕೊಂಡು ಹೋಗ್ತೀವ್ರಿ." ಎಲ್ಲಿಗೆ ಎನ್ನುವುದು ಮುಂದಿನ ಪ್ರಶ್ನೆ. ಹಾವೇರಿಯ ತನಕ ಆ ಸ್ಥಿತಿಯಲ್ಲಿ ಒಯ್ಯುವ ಮಾತೇ ಇಲ್ಲ. ಹುಡುಗಿಯ ರೂಮಿನ ಮಾಲೀಕ, ಮನೆಯಲ್ಲಿ ಬೇರೆ ಹುಡುಗಿಯರಿದ್ದಾರೆ, ಬೇಡ ಎಂದ. ಧರ್ಮಶಾಲೆಯಲ್ಲಿ ಸಾಧ್ಯವಿರಲಿಲ್ಲ.

"ನಮ್ಮನೆಗೆ ಕರ್ಕೊಂಡು ಬನ್ನಿ" ಎಂದರು ಅಕ್ಕ. ಸ್ಕೂಟರಿನಲ್ಲಿ ವಾಪಸು ಬರುವಾಗ ನಾನು ಏನಾದರೂ ಹೇಳುತ್ತೇನೆಂದು ಕಾದಿದ್ದರೋ ಏನೋ. ನಾನು ಗಾಡಿಯನ್ನು ನೇರ ಅವರ ಮನೆ ಕಡೆ ತಿರುಗಿಸಿದೆ. ಮನೆ ಮುಟ್ಟಿದ ಮೇಲೆ "ದೀವಾನು ಕಿಟಕಿ ಹತ್ತಿರ ಎಳೀಬೇಕು, ಒಂದು ಕೈ ಹಿಡಿ" ಎಂದರು.

ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಅಟೆಂಡರ್ ಒಬ್ಬ ಕೈಯಲ್ಲಿ ರಬ್ಬರಿನ ಚೀಲ ಒತ್ತುತ್ತಾ ಹುಡುಗಿಗೆ ಗಾಳಿ ಕೊಡುತ್ತಾ ಬಂದ. ಮನೆಯೊಳಗೆ ದೀವಾನಿನ ಮೇಲೆ ಮಲಗಿಸಿದ ಮೇಲೂ ಒತ್ತುತ್ತಲೇ ಇದ್ದ. ಅಪ್ಪ ಗೋಡೆಗೆ ಮುಖ ಮಾಡಿ ನಿಂತರು. ಅಟೆಂಡರ್ ನಮ್ಮೆಲ್ಲರನ್ನೂ ಒಮ್ಮೆ ನೋಡಿ "ಹಟಾ ದೂಂ?" ಎಂದ. ಅಕ್ಕ ತಾಯಿಗೆ "ತೆಗೆಯಲಾ ಅಂತಿದಾನೆ" ಎಂದರು. ತಾಯಿ "ಹ್ಞೂಂ" ಅಂದರು. ಅಕ್ಕ ಅವನಿಗೆ "ಹಾಂ ಭಯ್ಯಾ" ಅಂದರು.

ಅವನು ತೆಗೆದ. ನಾವೆಲ್ಲ ಕಾಯುತ್ತಾ ನಿಂತೆವು. ಹುಡುಗಿ ಉಸಿರಾಡಿದಳು. ಸಣ್ಣಗೆ, ಬಿಟ್ಟು ಬಿಟ್ಟು, ಆಮೇಲೆ ಸಮನಾಗಿ. ಆಸ್ಪತ್ರೆಯಲ್ಲಿ ಸೋತಿದ್ದ ಉಸಿರು ಇಲ್ಲಿ ತಾನಾಗೇ ನಡೆಯತೊಡಗಿತು. ಅಪ್ಪ ತಿರುಗಿ ಬಂದು ಅವಳ ಕತ್ತಿನ ನಳಿಗೆಯ ಹತ್ತಿರ ಅಂಗೈ ಹಿಡಿದರು. "ಓಡಾಕತ್ತೈತಿ" ಎಂದರು. ಆ ಮನುಷ್ಯನ ಮುಖದಲ್ಲಿ ಆಗ ಬಂದದ್ದನ್ನು ನೋಡಲಾಗದೆ ನಾನು ಅಟೆಂಡರಿಗೆ ಚಹಾ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಅಕ್ಕ ಡಾಕ್ಟರಿಗೆ ಫೋನ್ ಮಾಡಿದರು. ಹೀಗೂ ಆಗುತ್ತದೆ, ಉಸಿರು ಬಂತೆಂದರೆ ಎಚ್ಚರ ಬಂತೆಂದಲ್ಲ, ವಾರಗಳಿರಬಹುದು, ತಿಂಗಳುಗಳೂ ಇರಬಹುದು ಎಂದರಂತೆ. ಅಕ್ಕ ಇಷ್ಟನ್ನೂ ಹೇಳಿದರು. ಅಪ್ಪ ಕೇಳಿಸಿಕೊಂಡದ್ದು ಅರ್ಧ. ರಜೆ ಮುಗಿದಿತ್ತು, ಊರಿಗೆ ಹೋದರು. ಹೋಗುವಾಗ ಡಿಪೋದಲ್ಲಿ ಎಲ್ಲರಿಗೂ ಹೇಳುತ್ತೇನೆ ಅಂದರು.

"ಅವ್ರು ಉಸಿರ ನೋಡ್ತಾರ್ರಿ, ನಾ ಕಣ್ಣ ನೋಡ್ತೀನಿ" ಎಂದರು ತಾಯಿ, ಗಂಡ ಹೋದ ಮೇಲೆ.

ಹೀಗೆ ಅಕ್ಕನ ಮನೆ ಬೇರೆ ಮನೆಯಾಯಿತು. ಮೂಗಿನ ನಳಿಗೆಯಲ್ಲಿ ಗಂಜಿ ತಿಳಿ ಬಿಡುವುದು, ಕತ್ತಿನ ನಳಿಗೆಯ ಕಫ ತೆಗೆಯುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು. ಕುಂದಾಪುರದ ನರ್ಸ್ ಬಂದು ತಾಯಿಗೆ ಎಲ್ಲ ಕಲಿಸಿದರು. ಅಕ್ಕ ಊಟದ ಹೊತ್ತಿಗೆ ಕಚೇರಿಯಿಂದ ನಡೆದು ಬಂದು, ಮಗ್ಗುಲು ಬದಲಿಸಲು ಕೈ ಕೊಟ್ಟು, ನಿಂತೇ ಎರಡು ತುತ್ತು ತಿಂದು ಓಡುತ್ತಿದ್ದರು. ಸಂಜೆ ಸುತ್ತೋಲೆ ತಿದ್ದುವಾಗ ತೂಕಡಿಸುತ್ತಿದ್ದರು. ಅವರಿಗೂ ಐವತ್ತು ದಾಟಿತ್ತು.

ಮೇಲಿನ ಮನೆಯವರು ಯಾರೋ, ಇವರು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಾಡಿಗೆಗೆ ಜನ ಇಟ್ಟಿದ್ದಾರೆ ಎಂದು ದೂರು ಕೊಟ್ಟರು. ಪರಿಶೀಲನೆಗೆ ಬಂದ ಮನುಷ್ಯ ಬಾಗಿಲಲ್ಲೇ ಗಟ್ಟಿಯಾಗಿ ಮಾತಾಡುತ್ತಾ ಒಳಗೆ ಬಂದ. ದೀವಾನು ನೋಡಿದ. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಬಂದು, ಒಂದು ಲೋಟ ನೀರು ಕುಡಿದು, ಏನೂ ಕೇಳದೆ ಹೋದ. ಆಮೇಲೆ ಯಾರೂ ಬರಲಿಲ್ಲ.

ಒಂದು ಭಾನುವಾರ ನಾನು, ಹುಡುಗಿಗೆ ಬೇಗ ಬಿಡುಗಡೆ ಸಿಗಲಿ ಎಂದೆ. ಅಕ್ಕ ಬಟಾಣಿ ಸುಲಿಯುತ್ತಿದ್ದರು. "ಬಿಡುಗಡೆ ಯಾರಿಗೆ? ಅವಳಿಗೆ ಅನ್ನಬೇಕಾದ್ರೆ ಒಳಗೆ ಅವಳಿರಬೇಕಲ್ಲ. ನಮಗೆ ಅನ್ನು. ನಮಗೆ ಅಂದ್ರೆ ನಾಚಿಕೆ ಆಗುತ್ತೆ ಅಂತ ಅವಳ ಹೆಸರು ಹೇಳ್ತೀವಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಸಾಕಾಗಿದೆ. ಹಾಗಂತ ಹೇಳಿಕೊಂಡ್ರೆ ತಪ್ಪಿಲ್ಲ" ಎಂದು ಸೇರಿಸಿದರು.

ಆ ಹುಡುಗಿಯ ನಂತರವೂ ಅವರು ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಮಾತು ಶುರುವಾಗುವ ಮೊದಲೇ ಡಾಕ್ಟರಿಗೆ "ನಿಮ್ಮ ಸಲಹೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಹೇಳಲ್ಲ" ಎನ್ನುವುದು ರೂಢಿಯಾಯಿತು. ಕೆಲವರು ಇವರನ್ನು ಕರೆಸುವುದನ್ನೇ ನಿಲ್ಲಿಸಿದರು. ನಿವೃತ್ತಿಯ ದಿನ ಕಚೇರಿಯಲ್ಲಿ ಶಾಲು ಹೊದಿಸಿ ನಾಲ್ಕು ಮಾತಾಡಿ ಅಂದರೆ, "ಸುಸ್ತಾಗಿದೆ, ಸಮೋಸಾ ಆರುತ್ತೆ, ತಿನ್ನಿ" ಅಂದು ಕೂತರು. ತುಮಕೂರಿಗೆ, ತಮ್ಮನ ಮನೆಗೆ ಹೋದರು. ಫೋನಿನಲ್ಲಿ ಸಿಗುತ್ತಿದ್ದರು. ಹಳೆಯದನ್ನು ಅವರಾಗಿ ಎತ್ತಿದವರಲ್ಲ.

ಅದೆಲ್ಲ ಆಮೇಲಿನ ಮಾತು. ಆ ವರ್ಷದ ನವೆಂಬರಿನಲ್ಲಿ, ದಿಲ್ಲಿಯ ಹೊಗೆ ಮಂಜು ಕೆಳಗಿಳಿಯುವ ಹೊತ್ತಿಗೆ, ಹುಡುಗಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ನಮ್ಮ ಡಿಸ್ಪೆನ್ಸರಿಯ ಡಾಕ್ಟರು ಬಂದು ನೋಡಿ, ಆಸ್ಪತ್ರೆಗೆ ಹಾಕಿದರೆ ಮತ್ತೆ ಮಷಿನ್ ಹಚ್ಚುತ್ತಾರೆ, ಉಳಿದರೂ ಹೀಗೇ ಇರುತ್ತಾಳೆ, ಮನೆಯಲ್ಲೇ ಇಟ್ಟುಕೊಳ್ಳಿ, ನಾನು ದಿನಾ ಬರುತ್ತೇನೆ ಎಂದರು. ಅಕ್ಕ ಕೇಳುವ ಮೊದಲೇ ಅವರು ಸಲಹೆ ಹೇಳಿದ್ದರು. ತಾಯಿ ಒಪ್ಪಿದರು. ಆದರೆ ಗಂಡ ಬರುವ ತನಕ ಏನೂ ಹೇಳುವುದಿಲ್ಲ ಅಂದರು.

ಅಪ್ಪ ರೈಲಿಳಿದು ನೇರ ಬಂದರು. ಮಗಳ ಪಕ್ಕದಲ್ಲಿ ಕೂತರು. ಕೈ ಹಿಡಿದರು, ಹೆಸರು ಹಿಡಿದು ಕರೆದರು, ಕಣ್ಣ ಮುಂದೆ ಬೆರಳಾಡಿಸಿದರು. ಊರಲ್ಲಿ ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಗಳು ಬೇರೆ, ಇಲ್ಲಿದ್ದ ಮಗಳು ಬೇರೆ ಎಂದು ಅವರಿಗೆ ಆ ಹೊತ್ತಿನಲ್ಲಿ ಕಂಡಿರಬೇಕು. ಸುಮಾರು ಹೊತ್ತಿನ ಮೇಲೆ ಹೊರಗೆ ಬಂದು "ಬ್ಯಾಡ್ರಿ, ಆಸ್ಪತ್ರಿ ಬ್ಯಾಡ" ಎಂದರು. ಜ್ವರ ಇಳಿಸಲು ತಾಯಿ ಒದ್ದೆ ಬಟ್ಟೆ ಹಾಕುತ್ತಾ ಇದ್ದರು. ಎರಡು ಮೂರು ದಿನದಲ್ಲಿ, ಒಂದು ಮಧ್ಯಾಹ್ನ, ಉಸಿರು ದೂರ ದೂರ ಆಗುತ್ತಾ ಹೋಗಿ ನಿಂತಿತು. ತಾಯಿಯೇ ಕಣ್ಣು ಮುಚ್ಚಿದರು. ಇಲ್ಲೇ ದಹನವಾಯಿತು.

ಅವರು ಊರಿಗೆ ಹೊರಡುವ ದಿನ ನಾನು ಅಲ್ಲಿದ್ದೆ. ಅಕ್ಕ, ಅಪ್ಪ ಇಬ್ಬರೂ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದರು. ತಾಯಿ ಒಳಗೆ ಬಟ್ಟೆ ಕಟ್ಟುತ್ತಿದ್ದರು. ಆ ಮನುಷ್ಯ ಬಂದಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ, ಮಾತೂ ಆಡಿರಲಿಲ್ಲ. ಒಮ್ಮೆಲೇ ಕೇಳಿದರು.

"ಅವತ್ತ ಆ ಡಾಕ್ಟರು ಹೇಳಿದ್ದನ್ನ ನೀವು ನಮಗ ಹೇಳಿದ್ರಿ. ಅದ್ರಾಗ ನಿಮ್ಮದೇನರ ಇತ್ತೇನ್ರಿ?"

ಅಕ್ಕ ಕನ್ನಡಕ ಹಾಕಿಕೊಂಡರು. "ಮಾತು ಅವರದೇ. ಆದರೆ ಅವರು ಅದನ್ನ ಹೇಳೋಕೆ ತಯಾರಿರಲಿಲ್ಲ. ನಾನು ಹೇಳಿಸಿದೆ" ಎಂದರು.

"ಯಾಕ್ರಿ?"

"ಅದನ್ನ ನೀವಿಬ್ಬರೇ ಹೊತ್ತುಕೊಂಡು ಊರಿಗೆ ಹೋಗೋದು ಬೇಡ ಅನ್ನಿಸ್ತು."

ಅಪ್ಪ ಬೇವಿನ ಮರದ ಕಡೆ ನೋಡುತ್ತಾ ಕೂತರು. "ನಿಮಗೇನ ಅನಸಿತ್ರಿ? ತಗೀಬೇಕಂತನಾ?"

ಇಷ್ಟು ವರ್ಷದಲ್ಲಿ ಎಷ್ಟೋ ಜನ ಆಸ್ಪತ್ರೆಯ ಕಾರಿಡಾರುಗಳಲ್ಲಿ ಅವರನ್ನು ಈ ಪ್ರಶ್ನೆ ಕೇಳಿದ್ದರು. ಅವರು ಯಾರಿಗೂ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

"ಹೌದು" ಎಂದರು ಅಕ್ಕ. "ನನಗೂ ಹಾಗೇ ಅನ್ನಿಸಿತ್ತು."

ಅಪ್ಪ ಸಿಟ್ಟಾಗಬಹುದೆಂದು ನನಗೆ ಭಯವಿತ್ತು. ಸಿಟ್ಟಾಗಲಿಲ್ಲ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದರು. "ಕೇಳಿದೇನ?" ಎಂದು ಹೆಂಡತಿಯನ್ನು ಕರೆದರು. "ಅಕ್ಕಾರಿಗೂ ಹಂಗ ಅನಸಿತ್ತಂತ."

ಸ್ವಲ್ಪ ಹೊತ್ತಿಗೆ ತಾಯಿ ಹೊರಗೆ ಬಂದು ಅಕ್ಕನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತರು. ಅಕ್ಕನೂ ಕುರ್ಚಿ ಬಿಟ್ಟು ಕೆಳಗಿಳಿದರು. ಆಮೇಲೆ ಆ ಮನುಷ್ಯ, ಮನೆಯಲ್ಲಿ ಅನ್ನ ಉಳಿದಿದೆಯೇ ಎಂದು ಕೇಳಿದರು. ಮೊಸರು ಕಲಸಿ ತಂದುಕೊಟ್ಟದ್ದು ನಾನೇ. ತಟ್ಟೆ ಕೆಳಗಿಟ್ಟು, ಆಟೋ ತರಲು ಹೊರಟ ನನ್ನನ್ನು ಅಕ್ಕ ಕೈಸನ್ನೆ ಮಾಡಿ ಕೂರಿಸಿದರು. ರೈಲಿಗೆ ಇನ್ನೂ ಹೊತ್ತಿತ್ತು.